ಯುಗಾದಿಗೆ ಸೀಟು, ದೀಪಾವಳಿಗೆ ಪೆಟ್ಟಿಗೆ

ನಮ್ಮ ಮನೆಯ ಸೋಫಾ ಯುಗಾದಿಗೆ ಮನೆ ಬಿಟ್ಟು ಹೋಗಿ ದೀಪಾವಳಿಗೆ ವಾಪಸ್ಸು ಬರುತ್ತಿತ್ತು. ಹೀಗೆಂದಾಗಲೆಲ್ಲ ಕೇಳಿದವರು ನನ್ನ ಮುಖವನ್ನೇ ನೋಡುತ್ತಾರೆ. ಇದರಲ್ಲಿ ಒಗಟೇನೂ ಇಲ್ಲ. ಅದು ಸೋಫಾ ಅಲ್ಲ, ಜೀಪಿನ ಹಿಂದಿನ ಸೀಟು. ಜೀಪು ಇಬ್ಬರದು. ಅರ್ಧ ನಮ್ಮವರದು, ಅರ್ಧ ಅವರ ಸ್ನೇಹಿತ ಹಯವದನರಾಯರದು. ನಾವಿರುವುದು ಅಹಮದಾಬಾದಿನ ವಸ್ತ್ರಾಪುರದಲ್ಲಿ, ರಾಯರಿರುವುದು ವಡೋದರಾದ ಗೋರ್ವಾದಲ್ಲಿ. ಒಂದು ಜೀಪು ಎರಡು ಊರಿನಲ್ಲಿ ಸಂಸಾರ ಮಾಡಬೇಕಾದರೆ ಏನಾದರೊಂದು ಕಟ್ಟುಪಾಡು ಬೇಕಲ್ಲ.

ನಮ್ಮವರು ಅಂದರೆ ಲಿಂಗರಾಜ, ತಿಪಟೂರಿನ ಕಡೆಯವರು. ಉಪಗ್ರಹಗಳಿಗೆ ಉಪಕರಣ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ಎಂಜಿನಿಯರಾಗಿದ್ದರು. ರಾಯರು ನಂಜನಗೂಡಿನವರು, ವಿಮಾ ಕಂಪನಿಯ ಅಧಿಕಾರಿ. ಇಬ್ಬರೂ ಮೊದಲು ಅಹಮದಾಬಾದಿಗೆ ಬಂದಾಗ ಒಂದೇ ರೂಮಿನಲ್ಲಿದ್ದು, ಒಂದೇ ಕುಕ್ಕರಿನಲ್ಲಿ ಅನ್ನ ಮಾಡಿಕೊಂಡು ತಿಂದವರು. ಆಮೇಲೆ ನಮ್ಮವರು ನನ್ನನ್ನು ಮದುವೆಯಾದರು, ರಾಯರು ಯಾರನ್ನೂ ಆಗಲಿಲ್ಲ. ಅವರಿಗೆ ಹಕ್ಕಿಗಳ ಹುಚ್ಚು ಹಿಡಿಯಿತು. ವಡೋದರಾಕ್ಕೆ ವರ್ಗವಾಗಿ ಹೋದ ಮೇಲೂ ಇವರಿಬ್ಬರ ಸ್ನೇಹ ಬಿಡಲಿಲ್ಲ. ಬಿಡದಿರಲಿ ಎಂದೇ ಇರಬೇಕು, ಇಬ್ಬರೂ ಸೇರಿ ಒಂದು ಜೀಪು ಕೊಂಡರು. ನನ್ನನ್ನು ಒಂದು ಮಾತು ಕೇಳಿದ್ದರೆ, ಗಂಡಸರು ಜಗಳವಾಡುವುದಕ್ಕೆ ಇದಕ್ಕಿಂತ ಸುಲಭದ ದಾರಿ ಬೇಕಿಲ್ಲ ಎಂದು ಹೇಳುತ್ತಿದ್ದೆ. ಕೇಳಲಿಲ್ಲ. ಇಷ್ಟು ವರ್ಷ ಅವರು ಆ ಜೀಪಿಗಾಗಿ ಒಂದು ದಿನವೂ ಜಗಳವಾಡಲೂ ಇಲ್ಲ ಅನ್ನುವುದು ನನಗೆ ಇವತ್ತಿಗೂ ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯ.

ಕಟ್ಟುಪಾಡು ಹೀಗಿತ್ತು. ಯುಗಾದಿಯಿಂದ ದೀಪಾವಳಿಯವರೆಗೆ ಜೀಪು ನಮ್ಮ ಮನೆಯಲ್ಲಿ, ಹಿಂದೆ ಸೀಟು ಹಾಕಿಕೊಂಡು. ದೀಪಾವಳಿಯಿಂದ ಯುಗಾದಿಯವರೆಗೆ ರಾಯರ ಮನೆಯಲ್ಲಿ, ಸೀಟಿನ ಜಾಗದಲ್ಲಿ ಪೆಟ್ಟಿಗೆ ಹಾಕಿಕೊಂಡು. ಹಕ್ಕಿಗಳು ಬರುವುದು ಚಳಿಗಾಲಕ್ಕೆ, ನಾವು ಮಗನನ್ನು ಕಟ್ಟಿಕೊಂಡು ಊರಿಗೆ ಹೋಗುವುದು ಬೇಸಿಗೆಗೆ. ಹಾಗಾಗಿ ಇಬ್ಬರಿಗೂ ಸರಿಹೋಯಿತು. ಪೆಟ್ಟಿಗೆಯನ್ನು ರಾಯರು ಗೋರ್ವಾದ ಬಡಗಿಯೊಬ್ಬನಿಂದ ಪ್ಲೈವುಡ್ಡಿನಲ್ಲಿ ಮಾಡಿಸಿದ್ದರು. ಸೀಟು ಕೂರುವ ಕೊಕ್ಕೆಗಳಿಗೇ ಪೆಟ್ಟಿಗೆಯೂ ಕೂರುತ್ತಿತ್ತು. ಎಳೆಯುವ ಡ್ರಾಯರುಗಳಲ್ಲಿ ಸ್ಟವ್ವು, ಪಾತ್ರೆ, ದುರ್ಬೀನು. ಮೇಲೆ ಟೆಂಟು, ನೀರಿನ ಕ್ಯಾನು, ಹಗ್ಗ, ಗುದ್ದಲಿ, ಕೆಸರಿನಲ್ಲಿ ಚಕ್ರ ಹೂತರೆ ಅದರ ಕೆಳಗೆ ಕೊಡುವ ಹಲಗೆ. ಅದೆಲ್ಲ ಕಚ್ಛದ ಚಿಕ್ಕ ರಣಕ್ಕೆ, ಅಂದರೆ ಅಲ್ಲಿನ ಉಪ್ಪಿನ ಬಯಲಿಗೆ, ಹೋಗುವ ಸರಂಜಾಮು.

ಬಲಿಪಾಡ್ಯಮಿಯ ದಿನ ರಾಯರು ರೈಲಿನಲ್ಲಿ ಬರುತ್ತಿದ್ದರು. ನಮಗೆ ಪಾಡ್ಯಮಿ, ಅಕ್ಕಪಕ್ಕದವರಿಗೆ ಅದೇ ಹೊಸವರ್ಷ. ಅವರು ಸಾಲ್ ಮುಬಾರಕ್ ಹೇಳಲು ಬರುವಷ್ಟರಲ್ಲಿ ಸ್ನೇಹಿತರಿಬ್ಬರೂ ಒಬ್ಬಟ್ಟು ಹೊಡೆದು, ಪಂಚೆ ಮೇಲೆ ಕಟ್ಟಿ, ಸ್ಪ್ಯಾನರ್ ಹಿಡಿದು, ಸೀಟು ಬಿಚ್ಚಿ ಹಾಲಿನಲ್ಲಿ ತಂದಿಟ್ಟಿರುತ್ತಿದ್ದರು. ಬಂದವರು ಅದರ ಮೇಲೆ ಕೂತೇ ಫಳಾರ ತಿನ್ನಬೇಕು. ಸೀಟು ನೆಲಕ್ಕೆ ತೀರ ಹತ್ತಿರ, ಕೂತರೆ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ದಪ್ಪಗಿದ್ದವರನ್ನು ಎಬ್ಬಿಸಲು ಇಬ್ಬರು ಕೈ ಕೊಡಬೇಕಿತ್ತು. ನಮ್ಮತ್ತೆ ಬದುಕಿರುವವರೆಗೂ ಅದರ ಮೇಲೆ ಕೂರಲಿಲ್ಲ. ಗಾಡಿಯ ಸಾಮಾನು ಗಾಡಿಯಲ್ಲಿರಬೇಕು ಎನ್ನುವುದು ಅವರ ಖಂಡಿತ ಅಭಿಪ್ರಾಯ. ಮಗ ಗುರುಕಿರಣ ಮಾತ್ರ ಚಳಿಗಾಲವೆಲ್ಲ ಅದನ್ನು ಬಿಟ್ಟು ಏಳುತ್ತಿರಲಿಲ್ಲ. ಅವನು ಮಗ್ಗಿ ಕಲಿತದ್ದು ಅದರ ಮೇಲೆ, ಸೀತಾಳೆ ಸಿಡುಬು ಎದ್ದಾಗ ಮಲಗಿದ್ದು ಅದರ ಮೇಲೆ. ಮಂಚಕ್ಕೆ ಬಾ ಎಂದರೆ, "ಇದ್ರಲ್ಲಿ ಮಲಗಿದ್ರೆ ಅಜ್ಜಿ ಊರಿಗೆ ಹೋಗ್ತಿರೋ ಹಾಗೆ ಇರುತ್ತೆ" ಎನ್ನುತ್ತಿದ್ದ. ಆ ಸೀಟಿಗೆ ಪೆಟ್ರೋಲು, ಚಿತ್ರಾನ್ನ, ಮಗುವಿನ ತಲೆಯ ಎಣ್ಣೆ ಎಲ್ಲ ಬೆರೆತ ಒಂದು ವಾಸನೆ ಇತ್ತು. ಈಗಲೂ ಕಣ್ಣು ಮುಚ್ಚಿದರೆ ಮೂಗಿಗೆ ಬರುತ್ತದೆ.

ಆ ಸೀಟಿನ ಮೇಲೆ ನಾನು ಎಷ್ಟು ದೂರ ಹೋಗಿದ್ದೇನೆಂದು ನೆನೆದರೆ ಬೆನ್ನು ಈಗಲೂ ನೋಯುತ್ತದೆ. ಬೆಳಗಿನ ಕತ್ತಲಲ್ಲಿ ಹೊರಟರೆ ವಡೋದರಾದಲ್ಲಿ ರಾಯರ ಮನೆಯ ಉಪ್ಪಿಟ್ಟು, ಸೂರತ್ ದಾಟುವಷ್ಟರಲ್ಲಿ ಗುರುಕಿರಣನ ಮೊದಲನೆಯ ವಾಂತಿ. ಆಮೇಲೆ ಎರಡು ದಿನದ ದಾರಿ. ನಾನು ಯಾವತ್ತೂ ಹಿಂದೆ. ಮೊದಲು ಅತ್ತೆಯವರ ಮಂಡಿನೋವು, ಆಮೇಲೆ ಮಗನ ಹಟ, ಅವನು ದೊಡ್ಡವನಾಗಿ ಹೋದ ಮೇಲೆ ರೂಢಿ. ಮುಂದೆ ಬಾ ಎಂದು ನಮ್ಮವರು ಕರೆಯಲಿಲ್ಲ, ಬರುತ್ತೇನೆ ಎಂದು ನಾನೂ ಹೇಳಲಿಲ್ಲ. ತಿಂಡಿಯ ಡಬ್ಬಿಗಳು ಹಿಂದೆ ಇರುತ್ತಿದ್ದವು, ನಾನು ಡಬ್ಬಿಗಳ ಜೊತೆ ಇರುತ್ತಿದ್ದೆ. ಇವರ ಕತ್ತಿನ ಹಿಂಭಾಗವನ್ನು ನಾನು ನೋಡಿದಷ್ಟು ಬೇರೆ ಯಾವ ಹೆಂಡತಿಯೂ ತನ್ನ ಗಂಡನದನ್ನು ನೋಡಿರಲಿಕ್ಕಿಲ್ಲ.

ಆದರೆ ನನ್ನ ಹೊಟ್ಟೆಯುರಿ ಅದಲ್ಲ. ನನ್ನ ಹೊಟ್ಟೆಯುರಿ ರಣ. ಪ್ರತಿ ಡಿಸೆಂಬರಿನಲ್ಲಿ ರಾಯರು ಪೆಟ್ಟಿಗೆ ತುಂಬಿಕೊಂಡು ನಮ್ಮ ಗೇಟಿನ ಮುಂದೆ ಬಂದು ಹಾರನ್ ಹೊಡೆಯುತ್ತಿದ್ದರು. ಇವರು ಮಂಕಿ ಟೋಪಿ ಹಾಕಿಕೊಂಡು ಮುಂದಿನ ಸೀಟಿಗೆ ಹತ್ತಿ ಹೊರಟುಬಿಡುತ್ತಿದ್ದರು. ವಾಪಸ್ಸು ಬರುವಾಗ ಬೂಟಿಗೆಲ್ಲ ಬಿಳಿ ಮಣ್ಣು. ಒಂದು ಚೀಲ ಕಲ್ಲುಪ್ಪು ನನಗೆ. "ಏನ್ ನೋಟ ಗೊತ್ತಾ ತಾರಾ! ಆಕಾಶ ಎಲ್ಲಿ ಮುಗೀತು, ನೆಲ ಎಲ್ಲಿ ಶುರುವಾಯ್ತು ಗೊತ್ತೇ ಆಗಲ್ಲ. ಮುಂದಿನ್ ವರ್ಷ ನಿನ್ನ ಕರ್ಕೊಂಡೇ ಹೋಗ್ತೀನಿ." ಮುಂದಿನ ವರ್ಷ ಬಂದಾಗ ಗೇಟಿನಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಿದ್ದರು. "ಎಲ್ಲಿ ಕೂರಿಸಲಿ ಹೇಳು. ಪೆಟ್ಟಿಗೆ ಇದ್ರೆ ಸೀಟಿಲ್ಲ. ಸೀಟು ಹಾಕಿದ್ರೆ ಸಾಮಾನಿಗೆ ಜಾಗ ಇಲ್ಲ." ನೋಡಲು ಎಷ್ಟು ನ್ಯಾಯವಾದ ಮಾತು! ನಾನು ಕಲ್ಲುಪ್ಪನ್ನು ನಿಂಬೆಕಾಯಿ ಉಪ್ಪಿನಕಾಯಿಗೆ ಹಾಕಿಕೊಂಡು ಸುಮ್ಮನಾಗುತ್ತಿದ್ದೆ. ಸುಮ್ಮನಾಗುತ್ತಿದ್ದೆ ಅಂದರೆ, ನಾಲ್ಕು ದಿನ ಗೊಣಗಿ ಆಮೇಲೆ ಸುಮ್ಮನಾಗುತ್ತಿದ್ದೆ.

ಕಳೆದ ಶ್ರಾವಣದಲ್ಲಿ ನಮ್ಮವರು ಹೋಗಿಬಿಟ್ಟರು. ಬೆಳಿಗ್ಗೆ ಕೆರೆಯ ಸುತ್ತ ವಾಕಿಂಗ್ ಹೋದವರು ಬೆಂಚಿನ ಮೇಲೆ ಕೂತರಂತೆ, ಮತ್ತೆ ಏಳಲಿಲ್ಲ. ಬಂದವರೆಲ್ಲ, ಎಂಥ ಸುಖದ ಸಾವು, ಎಂಥ ದೊಡ್ಡ ಮನುಷ್ಯ ಎಂದರು. ಕನ್ನಡ ಸಂಘದವರು ಸಭೆ ಮಾಡಿ ಫೋಟೋಗೆ ಹಾರ ಹಾಕಿದರು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಜೀಪು ಕೆಳಗೆ ಪಾರ್ಕಿಂಗಿನಲ್ಲಿ ಸೀಟು ಹೊತ್ತುಕೊಂಡು ಧೂಳು ತಿನ್ನುತ್ತ ನಿಂತಿತ್ತು. ಮತ್ತೆ ಮತ್ತೆ ನವೀಕರಿಸಿಕೊಂಡು ಬಂದಿದ್ದ ಅದರ ನೋಂದಣಿ ಬರುವ ಮಾರ್ಚಿಗೆ ಮುಗಿಯುತ್ತದೆ. ಅದನ್ನು ಇನ್ನೊಮ್ಮೆ ಓಡಾಡಿ ಮಾಡಿಸುವವರು ಯಾರು? ಗುರುಕಿರಣ ಸೂರತ್ತಿನಲ್ಲಿ ಬಣ್ಣದ ಕಾರ್ಖಾನೆಯೊಂದರ ಮ್ಯಾನೇಜರು. ಅವನು ಫೋನಿನಲ್ಲಿ, "ಅಮ್ಮ, ಸ್ಕ್ರ್ಯಾಪಿಗೆ ಕೊಟ್ಟುಬಿಡೋಣ, ಹಯ ಮಾಮ ಕೂಡ ಓಕೆ ಅಂದಿದಾರೆ" ಎಂದ. ಆ ದಿನ ನನಗೆ ಹೊಳೆಯಿತು, ಉಳಿದಿರುವುದು ಇದೊಂದೇ ಚಳಿಗಾಲ. ಇದು ತಪ್ಪಿದರೆ ನಮ್ಮವರು ವರ್ಷ ವರ್ಷ ನನ್ನನ್ನು ಬಿಟ್ಟು ಹೋಗಿ ನೋಡಿದ್ದು ಏನು ಎನ್ನುವುದು ನನಗೆ ಯಾವತ್ತಿಗೂ ಗೊತ್ತಾಗುವುದಿಲ್ಲ.

ಬಾಡಿಗೆ ಕಾರಿನಲ್ಲಿ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋಗಬಹುದಿತ್ತು. ಆದರೆ ನನಗೆ ರಣ ಬೇಕಿರಲಿಲ್ಲ, ಅವರ ರಣ ಬೇಕಿತ್ತು.

ಸಾವಾದ ಮನೆ, ಈ ವರ್ಷ ಹಬ್ಬವಿಲ್ಲ. ಆದರೂ ಪಾಡ್ಯಮಿಯ ದಿನ ರಾಯರು ಬಂದರು. ಒಬ್ಬಟ್ಟಿಲ್ಲದ ಎಲೆಯಲ್ಲಿ ಅನ್ನ ಸಾರು ಉಂಡು, ಕೈ ತೊಳೆದು, ಸ್ಪ್ಯಾನರ್ ಮುಟ್ಟದೆ ಕೂತರು. ಈಗ ಅವರಿಗೂ ಎಪ್ಪತ್ತರ ಹತ್ತಿರ. ಒಂದು ಕಣ್ಣಿಗೆ ಪೊರೆ ತೆಗೆಸಿದ್ದಾರೆ, ಇನ್ನೊಂದು ಬಾಕಿ ಇದೆ.

"ಈ ವರ್ಷ ಸೀಟು ಬಿಚ್ಚೋದು ಬೇಡ ತಾರಮ್ಮ. ಗಾಡಿ ನಿಮ್ಮ ಹತ್ರಾನೇ ಇರ್ಲಿ, ಮಾರ್ಚಿಗೆ ಕೊಟ್ಟುಬಿಡೋಣ. ಅವನಿಲ್ದೆ ನಾನು ರಣಕ್ಕೆ ಹೋಗಲ್ಲ."

"ಹೋಗಿ ರಾಯರೇ. ನಾನು ಬರ್ತೀನಿ" ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹಾಕಿಕೊಂಡು ನನ್ನನ್ನು ನೋಡಿ, ಮತ್ತೆ ತೆಗೆದರು. "ಬನ್ನಿ, ಅದಕ್ಕೇನು. ಹಾಗಾದ್ರೆ ಸೀಟು ಇರ್ಲಿ. ನೀವು ಆರಾಮಾಗಿ ಹಿಂದೆ ಕೂತ್ಕೊಳ್ಳಿ. ಬೆಳಿಗ್ಗೆ ಹೋಗಿ ಸಂಜೆ ಬಂದುಬಿಡೋಣ."

ಅವರ ಕಷ್ಟ ನನಗೆ ಅರ್ಥವಾಯಿತು. ಸೀಟು ಇದ್ದರೆ ನಾನು ಸ್ನೇಹಿತನ ಹೆಂಡತಿ, ಎಂದಿನಂತೆ ಹಿಂದೆ. ಪೆಟ್ಟಿಗೆ ಹಾಕಿದರೆ ಇಡೀ ಗಾಡಿಯಲ್ಲಿ ಎರಡೇ ಜಾಗ, ಒಂದು ರಾಯರದು, ಇನ್ನೊಂದು ನಮ್ಮವರದು. ಆ ಇನ್ನೊಂದರಲ್ಲಿ ನಾನು ಕೂರಬೇಕು. ಮದುವೆಯೇ ಆಗದ ಮನುಷ್ಯ, ಗಂಡ ಹೋಗಿ ನಾಲ್ಕು ತಿಂಗಳಾಗದ ಹೆಂಗಸು, ಮೂರು ದಿನದ ಪ್ರವಾಸ. ನಾಲ್ಕು ಜನ ಏನಂದಾರು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಆ ನಾಲ್ಕು ಜನರನ್ನು ಕರೆದುಕೊಂಡು ಬನ್ನಿ ಎನ್ನುತ್ತಿದ್ದೆ.

"ಹಿಂದೆ ಕೂತು ಎಲ್ಲಾ ನೋಡಿದೀನಿ ರಾಯರೇ" ಎಂದೆ. "ನೀವಿಬ್ರೂ ಹೇಗೆ ಹೋಗ್ತಿದ್ರೋ ಹಾಗೇ ಹೋಗ್ಬೇಕು. ಪೆಟ್ಟಿಗೆ ಹಾಕಿ. ಅವರು ಎಲ್ಲಿ ಕೂರ್ತಿದ್ರೋ ಅಲ್ಲಿ ಕೂರ್ತೀನಿ. ಎಷ್ಟು ದಿನ ಇರ್ತಿದ್ರೋ ಅಷ್ಟು ದಿನ ಇರ್ತೀನಿ."

ರಾಯರು ಕನ್ನಡಕ ಹಾಕಿಕೊಂಡರು. ಆಮೇಲೆ ಎದ್ದು ಪಂಚೆ ಮೇಲೆ ಕಟ್ಟಿದರು.

ಸೀಟು ಬಿಚ್ಚುವುದನ್ನು ನಾನು ಅಷ್ಟು ವರ್ಷ ಅಡುಗೆಮನೆಯ ಕಿಟಕಿಯಿಂದ ನೋಡಿದ್ದೇ ಹೊರತು ಕೈ ಹಾಕಿರಲಿಲ್ಲ. ಮೊದಲು ಹಿಂದಿನ ಎರಡು ನಟ್ಟು ಸಡಿಲಿಸಬೇಕು, ಆಮೇಲೆ ಬೆನ್ನನ್ನು ಮುಂದಕ್ಕೆ ಮಡಚಬೇಕು, ಆಮೇಲೆ ಇಬ್ಬರೂ ಒಟ್ಟಿಗೆ ಎತ್ತಿ ಕೊಕ್ಕೆಯಿಂದ ಜಾರಿಸಬೇಕು. ಒಬ್ಬರು ಮೊದಲು ಎತ್ತಿದರೆ ಇನ್ನೊಂದು ತುದಿ ಕಚ್ಚಿಕೊಂಡು ಕೂರುತ್ತದೆ. ನಾನು ಮೊದಲು ಎತ್ತಿದೆ. ರಾಯರು ತಾಳ್ಮೆಯಿಂದ, "ಒಂದು, ಎರಡು ಅಂತೀನಿ, ಮೂರಕ್ಕೆ ಎತ್ತಿ. ಅವನೂ ಹೀಗೇ, ಯಾವತ್ತೂ ಎರಡಕ್ಕೇ ಎತ್ತಿಬಿಡೋನು" ಎಂದರು. ಸೀಟಿನ ಕೆಳಗೆ, ಗಂಡಸರಿಬ್ಬರೂ ಒಂದು ವರ್ಷವೂ ಗುಡಿಸದೆ ಬಿಟ್ಟಿದ್ದ ಕಡಲೆಕಾಯಿ ಸಿಪ್ಪೆ, ಅತ್ತೆಯ ತಲೆಪಿನ್ನು, ಗುರುಕಿರಣನ ಬಾಲ್ಯದ ಒಂದು ಗೋಲಿ, ಬಿಸಿಲಿಗೆ ಬೆಳ್ಳಗಾದ ಮಾರಿ ಬಿಸ್ಕತ್ತಿನ ಕಾಗದ. ಗುಡಿಸಿ ಬಿಸಾಡಲು ಮನಸ್ಸು ಬರಲಿಲ್ಲ. ಬೇಕೆಂದು ಎತ್ತಿಟ್ಟುಕೊಳ್ಳಲು ಅದರಲ್ಲಿ ಏನೂ ಇರಲಿಲ್ಲ. ಕೊನೆಗೆ ಗುಡಿಸಿಯೇ ಬಿಟ್ಟೆ.

ಸೀಟನ್ನು ಲಿಫ್ಟಿನಲ್ಲಿ ಮೇಲೆ ತಂದು ಹಾಲಿನಲ್ಲಿ ಅದರ ಜಾಗದಲ್ಲಿಟ್ಟೆವು. ರಾಯರು ಖಾಲಿ ಜೀಪು ಓಡಿಸಿಕೊಂಡು ವಡೋದರಾಕ್ಕೆ ಹೋದರು. ಆ ಸಂಜೆ ನಾನು ಸೀಟಿನ ಮೇಲೆ ಕೂತು, ಏಳಲು ಯಾರೂ ಕೈ ಕೊಡುವವರಿಲ್ಲದೆ, ಗೋಡೆ ಹಿಡಿದು ಎದ್ದೆ.

ಸುದ್ದಿ ಕೇಳಿ ಗುರುಕಿರಣ ಸೂರತ್ತಿನಿಂದ ಕೂಗಾಡಿದ. ನನ್ನ ಮಗ ಸಂತೋಷವಾದರೆ ಕನ್ನಡ, ಸಿಟ್ಟು ಬಂದರೆ ಹಿಂದಿ, ಆಫೀಸಿನವನ ಹಾಗೆ ಬುದ್ಧಿ ಹೇಳಬೇಕಾದರೆ ಇಂಗ್ಲಿಷು. ಅವತ್ತು ಮೂರೂ ಆಯಿತು. "ಅಮ್ಮ, ಇಟ್ ಡಸಂಟ್ ಲುಕ್ ನೈಸ್. ಹಯ ಮಾಮನಿಗೆ ಕಣ್ಣು ಸರಿ ಇಲ್ಲ. ನಿನಗೆ ಬಿ.ಪಿ. ಲೋಗ್ ಕ್ಯಾ ಬೋಲೇಂಗೆ?"

"ಲೋಗ್ ನನ್ನ ಇಷ್ಟು ವರ್ಷ ಎಲ್ಲಿಗಾದ್ರೂ ಕರ್ಕೊಂಡು ಹೋಗಿದಾರಾ?" ಎಂದೆ.

ಹಿಂದಿನಿಂದ ಸೊಸೆಯ ನಗು ಕೇಳಿಸಿತು. ನೇಹಾ ಸೂರತ್ತಿನ ಹುಡುಗಿ, ಊಟದ ವಿಷಯಕ್ಕೂ ತಿರುಗಾಟದ ವಿಷಯಕ್ಕೂ ಯಾರಿಗೂ ಬೇಡ ಎಂದವಳಲ್ಲ. ಅವಳು ಫೋನು ಕಸಿದುಕೊಂಡು, "ಜಾವೋ ನೇ ಮಮ್ಮಿ! ನಾನು ಇವರಿಗೆ ಹೇಳ್ತೀನಿ. ದಾರಿಗೆ ತಿನ್ನೋಕೆ ಥೇಪ್ಲಾ ಮಾಡಿ ಕಳಿಸಲಾ?" ಎಂದಳು. ನನ್ನ ಮಗ ಕಲಿಯದಷ್ಟು ಕನ್ನಡವನ್ನು ಆ ಹುಡುಗಿ ಕಲಿತಿದ್ದಾಳೆ. ಅವಳ ಒಂದು ಮಾತಿನಿಂದ ನನಗೆ ಅಳು ಬಂದುಬಿಟ್ಟಿತು.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಗೇಟಿನ ಮುಂದೆ ಹಾರನ್ ಆಯಿತು. ಜೀಪಿನ ಹಿಂಭಾಗದಲ್ಲಿ ಪೆಟ್ಟಿಗೆ, ಮೇಲೆ ಟಾರ್ಪಾಲು, ಎಲ್ಲ ಹಳೆಯ ಹಾಗೆ. ನಮ್ಮವರ ಮಂಕಿ ಟೋಪಿ ಹಾಕಿಕೊಂಡು ಕೆಳಗಿಳಿದೆ. ಮುಂದಿನ ಬಾಗಿಲು ತೆರೆದು ಹತ್ತಲು ಹೋದವಳು ಅಲ್ಲೇ ನಿಂತೆ. ಸೀಟಿನ ರೆಕ್ಸಿನ್ನು ಅವರ ಭಾರಕ್ಕೆ ಒಂದು ಕಡೆ ತಗ್ಗಾಗಿತ್ತು, ಅವರು ಯಾವತ್ತೂ ಕಿಟಕಿಯ ಕಡೆ ವಾಲಿ ಕೂರುವವರು. ಆ ತಗ್ಗಿನಲ್ಲಿ ಕೂರುವುದು ಹೇಗೆ? ಕೂರದೆ ಹೋಗುವುದು ಹೇಗೆ? ರಾಯರು ಎದುರಿನ ಗಾಜನ್ನು ಸುಮ್ಮಸುಮ್ಮನೆ ಒರೆಸುತ್ತ ಬೇರೆ ಕಡೆ ನೋಡುತ್ತಿದ್ದರು. ಮೂರನೆಯ ಮಹಡಿಯಿಂದ ಇಬ್ಬರು ಹೆಂಗಸರು ಬಟ್ಟೆ ಒಣಹಾಕುವ ನೆಪದಲ್ಲಿ ಕೆಳಗೆ ಇಣುಕುತ್ತಿದ್ದರು. ಅವರನ್ನು ನೋಡಿದ ಮೇಲೆ ನನಗೆ ಧೈರ್ಯ ಬಂತು. ಹತ್ತಿ ಕೂತೆ.

ಮುಂದಿನ ಸೀಟಿನಿಂದ ರಸ್ತೆ ಬೇರೆಯೇ ಕಾಣುತ್ತದೆ. ವೀರಮ್‌ಗಾಮ್ ದಾಟುವವರೆಗೂ ನಾನು ಮಾತಾಡಲಿಲ್ಲ. ಇದು ನನ್ನ ಪಾಲಿಗೆ ದೊಡ್ಡ ವಿಷಯ. ಎದುರಿನಿಂದ ಬರುವ ಲಾರಿ, ಹತ್ತಿಯ ಗಾಡಿ, ರಸ್ತೆಯ ಮೇಲೆ ಒಣಹಾಕಿದ ಹರಳುಬೀಜ ಎಲ್ಲವೂ ಮೊದಲು ನನಗೇ ಸಿಗುತ್ತಿತ್ತು. ಆಮೇಲೆ ಮಾತು ಶುರುವಾಯಿತು, ನಿಲ್ಲಲಿಲ್ಲ. ರಾಯರು ಹೂಂ ಹೂಂ ಎನ್ನುತ್ತಿದ್ದರು.

ರಣದ ಅಂಚಿನ ಹಳ್ಳಿಯಲ್ಲಿ ಇವರಿಬ್ಬರೂ ವರ್ಷವೂ ಇಳಿದುಕೊಳ್ಳುತ್ತಿದ್ದ ಒಂದು ಮನೆ ಇತ್ತು. ಮನೆಯ ಹೆಂಗಸರು ನನಗೆ ಒಳಗಿನ ಕೋಣೆ ಕೊಟ್ಟರು, ರಾಯರು ಅಂಗಳದಲ್ಲಿ ಟೆಂಟು ಹಾಕಿಕೊಂಡರು. ಹಗಲೆಲ್ಲ ರಣದಲ್ಲಿ. ಅರಣ್ಯ ಇಲಾಖೆಯ ಗೇಟಿನಲ್ಲಿ ಚೀಟಿ ಮಾಡಿಸಿ ಒಳಗೆ ಹೋದರೆ, ನಮ್ಮವರು ಹೇಳಿದ್ದು ನಿಜ, ಎಲ್ಲಿ ಏನು ಮುಗಿಯುತ್ತದೆ ಎಂದು ತಿಳಿಯುವುದಿಲ್ಲ. ಮರವಿಲ್ಲ, ಬೆಟ್ಟವಿಲ್ಲ, ಒಂದು ಕಲ್ಲೂ ಇಲ್ಲ. ಒಡೆದ ಹಪ್ಪಳದ ಹಾಗೆ ಬಿರಿದ ನೆಲ. ದೂರದಲ್ಲಿ ಕಾಡುಕತ್ತೆಗಳು ಒಂದರ ಹಿಂದೆ ಒಂದು ನಡೆದುಹೋಗುತ್ತಿದ್ದವು. ಮಳೆನೀರು ಇನ್ನೂ ಆರದ ಕಡೆ ರಾಜಹಂಸಗಳ ಗುಂಪು. ರಾಯರು ಪೆಟ್ಟಿಗೆಯಿಂದ ದುರ್ಬೀನು, ಮಡಚುವ ಕುರ್ಚಿ ತೆಗೆದು ನೀರಿನ ಹತ್ತಿರ ಹೋಗಿ ಕೂತುಬಿಟ್ಟರು. ಒಂದು ಕಣ್ಣು ಸಾಕಂತೆ ದುರ್ಬೀನಿಗೆ.

ನಾನೂ ನೋಡಿದೆ. ಚೆನ್ನಾಗಿತ್ತು. ಒಂದು ಗಂಟೆ ಬಹಳ ಚೆನ್ನಾಗಿತ್ತು. ಎರಡನೆಯ ದಿನ ಊಟದ ಹೊತ್ತಿಗೆ ನನಗೆ ತಲೆ ಚಿಟ್ಟು ಹಿಡಿಯಿತು. ಹಕ್ಕಿ ಕಾಲು ಎತ್ತುತ್ತದೆ, ಹಕ್ಕಿ ಕಾಲು ಇಡುತ್ತದೆ. ಇದರಲ್ಲಿ ನಮ್ಮವರು ಏನು ಕಂಡರು? ಅಡುಗೆಮನೆಯಲ್ಲಿ ಹಲ್ಲಿ ಬಿದ್ದರೂ ತಿರುಗಿ ನೋಡದ ಮನುಷ್ಯ.

"ರಾಯರೇ, ಅವರು ಎಲ್ಲಿ ನಿಂತು ನೋಡ್ತಿದ್ರು?" ಎಂದು ಕೇಳಿದೆ. ಥೇಪ್ಲಾ ತಿಂದು ಮುಗಿದಿತ್ತು. ನಾನು ಮುಂದಿನ ಸೀಟಿನಲ್ಲಿ ಕೂತಿದ್ದೆ, ರಾಯರು ಹೊರಗೆ ಕುರ್ಚಿಯ ಮೇಲೆ.

"ಅವನು ಜೀಪಿಂದ ಇಳೀತಾನೇ ಇರ್ಲಿಲ್ಲ ತಾರಮ್ಮ."

"ಅಂದ್ರೆ?"

"ಹಕ್ಕಿ ಅಂದ್ರೆ ಅವನಿಗೆ ಅಷ್ಟಕ್ಕಷ್ಟೆ. ಈಗ ನೀವು ಕೂತಿದೀರಲ್ಲ, ಅಲ್ಲೇ, ಕಾಲು ಮುಂದಕ್ಕೆ ಚಾಚ್ಕೊಂಡು ಕೂರೋನು. ನಿದ್ದೆ ಬಂದ್ರೆ ನಿದ್ದೆ, ಇಲ್ದಿದ್ರೆ ಸುಮ್ನೆ."

"ಹಾಗಾದ್ರೆ ಯಾಕೆ ಬರ್ತಿದ್ರು?"

ರಾಯರು ತಡೆದು ತಡೆದು ಹೇಳಿದರು. "ಮಾತಿಲ್ದೆ ಇರೋಕೆ. ಒಂದ್ಸಲ ನಾನೇ ಹೇಳಿದೆ, ಈ ಸಲ ನಾನು ಬರಲ್ಲ, ಗಾಡಿ ತಗೊಂಡು ತಾರಮ್ಮನ್ನ ಕರ್ಕೊಂಡು ಹೋಗು, ಆಸೆ ಪಡ್ತಾರೆ ಅಂತ. ಒಪ್ಪಲಿಲ್ಲ. ಅವಳು ಬಂದ್ರೆ ಇದೂ ಮನೇನೇ ಆಗೋಗುತ್ತೆ ಕಣೋ ಅಂದ."

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಪೆಟ್ಟಿಗೆಯೂ ಸುಳ್ಳು, ಸೀಟೂ ಸುಳ್ಳು. ಜಾಗ ಇತ್ತು. ಯಾವತ್ತೂ ಇತ್ತು. ನನ್ನ ಮಾತಿನಿಂದ ತಪ್ಪಿಸಿಕೊಳ್ಳಲು ಈ ಮನುಷ್ಯ ವರ್ಷಕ್ಕೊಮ್ಮೆ ಮರುಭೂಮಿಗೆ ಓಡಿಬರುತ್ತಿದ್ದ. ಬಾಗಿಲು ತೆಗೆದು ಇಳಿದು, ಆ ಬಿರಿದ ನೆಲದ ಮೇಲೆ ದಿಕ್ಕು ದೆಸೆ ನೋಡದೆ ನಡೆದೆ. ಸೀರೆಯ ಅಂಚಿಗೆಲ್ಲ ಉಪ್ಪಿನ ಮಣ್ಣು. ಹಿಂದೆ ರಾಯರು, "ನಿಲ್ಲಿ ತಾರಮ್ಮ, ಆ ಕಡೆ ಕೆಸರಿದೆ, ಪೂರ್ತಿ ಕೇಳಿ ಹೋಗಿ" ಎಂದು ಏದುಸಿರು ಬಿಡುತ್ತ ಬರುತ್ತಿದ್ದರು. ಅವರ ವಯಸ್ಸಿನ ನೆನಪಾಗಿ ನಿಂತೆ.

"ಪೂರ್ತಿ ಕೇಳಿ" ಎಂದರು. "ಮೂರು ದಿನ ಅಂತ ಬರ್ತಿದ್ವಿ. ಮೊದಲನೇ ದಿನ ರಾಜನ ಹಾಗೆ ಕೂರೋನು. ಎರಡನೇ ದಿನ ಮಧ್ಯಾಹ್ನ ಊಟ ಆಯ್ತು ಅಂದ್ರೆ ಶುರು. ಹಯ, ಸಾಕು ನಡಿಯೋ, ಮನೆಗೆ ಹೋಗಣ. ಇಲ್ಲಿ ಯಾರೂ ಮಾತೇ ಆಡಲ್ವಲ್ಲೋ, ಅನ್ನೋನು. ಇದೇ ಹೊತ್ತಿಗೆ, ಪ್ರತಿ ವರ್ಷ. ಪ್ರಾಣ ತಿಂದುಬಿಡೋನು. ಕ್ರೌಂಚ ಹಕ್ಕಿಗಳು ಬರೋದು ಮೂರನೇ ದಿನ ಅಂತ ಇಟ್ಕೊಳ್ಳಿ, ನಾನು ಇಷ್ಟು ವರ್ಷದಲ್ಲಿ ಒಂದ್ಸಲಾನೂ ನೋಡಿಲ್ಲ. ಅವನ ದೆಸೆಯಿಂದ ನಾನು ಮೂರನೇ ದಿನದ ರಣಾನೇ ಕಂಡಿಲ್ಲ."

ಹೌದು, ಹೌದು. ಮೂರು ದಿನವೆಂದು ಹೋದವರು ಎರಡನೆಯ ದಿನ ಸಂಜೆಗೇ ಬಾಗಿಲು ತಟ್ಟುತ್ತಿದ್ದರು. ಒಂದು ವರ್ಷ ಕೆಸರು ಜಾಸ್ತಿ ಎಂದರು, ಒಂದು ವರ್ಷ ಎಂಜಿನ್ ಬಿಸಿಯಾಯಿತು ಎಂದರು, ಒಂದು ವರ್ಷ ಹಕ್ಕಿಗಳೇ ಹೊರಟುಹೋದವು ಎಂದರು. ಮೊದಲೇ ಹೇಳಬಾರದಾ, ಅನ್ನ ಒಬ್ಬಳಿಗೇ ಇಟ್ಟಿದ್ದೇನೆ ಎಂದು ನಾನು ರೇಗುತ್ತಿದ್ದೆ. ಅವರು ಬೂಟು ಕೂಡ ಬಿಚ್ಚದೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, "ಏನ್ ವಿ‍ಶೇಷ, ಹೇಳು" ಎನ್ನುತ್ತಿದ್ದರು. ನಾನು ಎರಡು ದಿನದ್ದನ್ನೆಲ್ಲ ಹೇಳುತ್ತಿದ್ದೆ. ಹಾಲಿನವನು, ಪಕ್ಕದ ಮನೆ, ಮಗನ ಮಾರ್ಕು, ಊರಿನ ಫೋನು. ಅವರು ಕೇಳುತ್ತಿದ್ದರು.

ನನಗೆ ಸಿಟ್ಟೂ ಬಂತು, ನಗುವೂ ಬಂತು, ಅಳುವೂ ಬಂತು, ಯಾವುದು ಮೊದಲು ಬಂತೋ ಗೊತ್ತಿಲ್ಲ. ಅವರು ಹೋದಾಗಿನಿಂದ ಎಲ್ಲರೂ ಅವರನ್ನು ಹೊಗಳಿ ಹೊಗಳಿ ನನ್ನ ಬಾಯಿಗೆ ಬೀಗ ಹಾಕಿದ್ದರು. ಹಾರ ಹಾಕಿಸಿಕೊಂಡ ಫೋಟೋಗೆ ಬೈಯುವುದು ಹೇಗೆ? ಇಲ್ಲಿ ಫೋಟೋ ಇರಲಿಲ್ಲ, ನೆರೆಯವರಿರಲಿಲ್ಲ. ಎದುರಿನ ಬಯಲಿಗೆ ನಿಂತು ಗಂಟಲು ಬಿಟ್ಟು ಕೂಗಿದೆ.

"ಏನ್ರೀ! ಇಷ್ಟಕ್ಕಾ ನನ್ನ ಬಿಟ್ಟು ಬರ್ತಿದ್ದಿದ್ದು? ಬಾಯಿಬಿಟ್ಟು ಹೇಳಿದ್ರೆ ಎರಡು ದಿನ ಸುಮ್ನಿರ್ತಿರ್ಲಿಲ್ವಾ ನಾನು? ಪೆಟ್ಟಿಗೆ ಅಂತೆ, ಸೀಟಂತೆ! ಸುಳ್ಳು ಹೇಳೋಕೆ ನಾಚಿಕೆ ಆಗ್ಲಿಲ್ವಾ? ಎರಡು ದಿನ ನಾನಿಲ್ದೆ ಇರೋಕಾಗದವರು, ಈಗ ಹೇಗ್ರೀ ಇದೀರ?"

ಕೊನೆಯ ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ಕೇಳಿಸಿತು. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಶ್ರಾವಣದಿಂದ ಅಷ್ಟು ಅತ್ತಿರಲಿಲ್ಲ. ಕೂಗಿಗೆ ಬೆದರಿ ರಾಜಹಂಸಗಳೆಲ್ಲ ಎದ್ದು, ನೀರಿನ ಮೇಲೆ ಒಂದು ಸುತ್ತು ಬಂದು, ಆ ಕಡೆಯ ದಡಕ್ಕೆ ಹೋದವು. ರಾಯರು ಅವನ್ನೂ ನನ್ನನ್ನೂ ನೋಡಿ, "ಇದ್ದ ಹಕ್ಕೀನೂ ಓಡಿಸಿಬಿಟ್ರಲ್ಲ" ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು, ಪೊರೆ ತೆಗೆಸಿದ್ದು, ತೆಗೆಸದೇ ಇದ್ದದ್ದು ಎರಡೂ.

ಬಿಸಿಲು ಇಳಿಯತೊಡಗಿತು. ರಾಯರು ಎಷ್ಟೋ ವರ್ಷದ ಅಭ್ಯಾಸಬಲದಿಂದ, ಹೇಳದೆ ಕೇಳದೆ ಎದ್ದು ಸ್ಟವ್ವು, ಪಾತ್ರೆ, ಕುರ್ಚಿ ಎಲ್ಲ ಒಳಗೆ ತುಂಬಿ ಡ್ರಾಯರು ತಳ್ಳಿದರು. ಚಾಲಕನ ಕಡೆಗೆ ಬಂದು ನಿಂತು, "ಸರಿ, ಹೊರಡೋಣ್ವೇ? ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದು" ಎಂದರು.

"ಯಾಕೆ ಹೋಗ್ಬೇಕು ರಾಯರೇ?" ಎಂದೆ. "ಅವರು ಮನೆಗೆ ಓಡ್ತಿದ್ದಿದ್ದು ಅಲ್ಲಿ ನಾನಿದೀನಿ ಅಂತ. ಈಗ ಅಲ್ಲಿ ಯಾರಿದಾರೆ?"

ರಾಯರು ಬೀಗದ ಕೈ ಜೇಬಿಗೆ ಹಾಕಿಕೊಂಡರು. ಆಮೇಲೆ ಹಿಂದಕ್ಕೆ ಹೋಗಿ ಡ್ರಾಯರು ಎಳೆದು, ಸ್ಟವ್ವು ಹೊರಗೆ ತೆಗೆದು, ಟೀಗೆ ನೀರಿಟ್ಟರು.